ದಕ್ಷಿಣ ಕನ್ನಡದ ನಂಬ್ರಗಳೂ ನ್ಯಾಯಸ್ಥಾನಗಳೂ

ನಮ್ಮ ಜಿಲ್ಲೆಯ ಜನರು ವ್ಯಾಜ್ಯಪ್ರಿಯರೆಂಬ ಮಾತು ಹಳೆಯದು. ಅಂಗೈಯಗಲದ ಗದ್ದೆಗಾಗಿಯೂ ಗಡಿಯ ಮೇಲಿನ ಒಂದು ಹಲಸಿನ ಮರಕ್ಕಾಗಿಯೂ ಮೂರು ತಲೆಮಾರು ಕೋರ್ಟಿನ ಮೆಟ್ಟಲು ಹತ್ತುವವರೆಂದು ಹೊರಗಿನವರು ನಗುವುದುಂಟು; ನಾವೂ ಆ ನಗೆಯಲ್ಲಿ ಪಾಲುಗೊಳ್ಳುವುದುಂಟು. ಕೋರ್ಟಿನ ಪುಸ್ತಕದಲ್ಲಿ ದಾವೆಗೆ ಬೀಳುವ ಸಂಖ್ಯೆಯನ್ನೇ ದಾವೆಯ ಹೆಸರನ್ನಾಗಿ ಮಾಡಿಕೊಂಡು ಅದನ್ನು ‘ನಂಬ್ರ’ವೆಂದು ಕರೆಯುವ ರೂಢಿಯು ಕರಾವಳಿಯ ಕನ್ನಡದಲ್ಲಿ ಬೇರೂರಿರುವುದನ್ನು ನೋಡಿದರೆ, ಈ ಅಪವಾದಕ್ಕೆ ಭಾಷೆಯೇ ಸಾಕ್ಷಿ ಹೇಳುವಂತೆ ತೋರುವುದು. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಬಲ್ಲ ಜನರೇ ಮರುದಿನ ವಕೀಲರ ಜಗಲಿಯಲ್ಲಿ ಕಾದು ಕುಳಿತಿರುತ್ತಾರೆ.

ಆದರೆ ಒಂದು ನಾಡಿನ ವ್ಯಾಜ್ಯಗಳ ಸಂಖ್ಯೆಯನ್ನು ಆ ನಾಡಿನವರ ಸ್ವಭಾವದಿಂದ ವಿವರಿಸಹೊರಡುವುದು ಚರಿತ್ರೆಯ ಮಾರ್ಗವಲ್ಲ. ನಂಬ್ರಗಳು ಯಾವ ಕಾಲದಲ್ಲಿ, ಯಾವ ಸ್ವತ್ತಿನ ಮೇಲೆ, ಕಾನೂನಿನ ಯಾವ ಎಡೆಯಿಂದ ಹುಟ್ಟಿದುವು, ಮತ್ತೆ ಹೇಗೆ ತಗ್ಗಿದುವು ಎಂಬುದನ್ನು ಕ್ರಮವಾಗಿ ನೋಡಿದರೆ, ಅವುಗಳ ರಾಶಿಗೆ ಜನರ ಜಗಳಗಂಟತನಕ್ಕಿಂತಲೂ ಕಾನೂನಿನ ಕುಂದೂ ನ್ಯಾಯಸ್ಥಾನದ ದೂರವೂ ಹೆಚ್ಚಿನ ಕಾರಣಗಳೆಂದು ತಿಳಿದುಬರುವುದು. ಇದನ್ನು ನಮ್ಮ ಜಿಲ್ಲೆಯ ಇನ್ನೂರು ವರ್ಷಗಳಿಗೆ ಮೀರಿದ ನ್ಯಾಯಾಡಳಿತದ ಉದಾಹರಣೆಗಳಿಂದ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಇಂಗ್ಲಿಷರ ಕುಂಪಣಿಯು ಬರುವುದಕ್ಕೆ ಮೊದಲು ತುಳುನಾಡಿನಲ್ಲಿ ನ್ಯಾಯವಿಚಾರಣೆಯು ಒಂದೇ ಕಟ್ಟಡದಲ್ಲಿ ಇದ್ದುದಲ್ಲ. ವಿಜಯನಗರದ ಕಾಲದಲ್ಲಿ ಬಾರಕೂರು ಮತ್ತು ಮಂಗಳೂರು ಎರಡು ರಾಜ್ಯಗಳಾಗಿ, ಅಲ್ಲಿ ಅರಸರ ಅಧಿಕಾರಿಗಳು ಆಳುತ್ತಿದ್ದರು. ಬಾರಕೂರಿನ ಹತ್ತು ಕೇರಿಗಳವರೂ ಹಂಜಮಾನದ ವರ್ತಕರೂ ತಮ್ಮ ತಮ್ಮ ಕೂಟಗಳನ್ನು ಹೊಂದಿದ್ದರೆಂದು ಶಾಸನಗಳಿಂದ ತಿಳಿಯುವುದು. ಹಳ್ಳಿಗಳಲ್ಲಿ ಗುತ್ತಿನವರು, ಬೀಡಿನವರು, ಜಾತಿಯ ಗುರಿಕಾರರು ಒಳಗಿನ ಜಗಳಗಳನ್ನು ತೀರಿಸುತ್ತಿದ್ದರು. ಸಾಕ್ಷಿಯಿಲ್ಲದ ವಿವಾದವು ದೈವದ ಎದುರಿನ ಸತ್ಯಪ್ರಮಾಣದಲ್ಲಿ ಕೊನೆಗೊಳ್ಳುತ್ತಿದ್ದಿತು. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ‘ಹೊಯ್ಲು’ ಕೊಟ್ಟು ತೀರ್ಮಾನವನ್ನು ಪಡೆಯುವ ಪದ್ಧತಿಯು ಆ ಪರಂಪರೆಯ ಪ್ರಸಿದ್ಧವಾದ ಉಳಿಕೆಯಾಗಿರುವುದು.

ಈ ವ್ಯವಸ್ಥೆಗೆ ಎರಡು ಗುಣಗಳಿದ್ದುವು: ಅದು ಸಮೀಪದಲ್ಲಿದ್ದಿತು, ಮತ್ತು ವಾದಿಯ ಭಾಷೆಯಲ್ಲಿಯೇ ಮಾತಾಡುತ್ತಿದ್ದಿತು. ಹಾಗೆಂದು ಅದನ್ನು ಸತ್ಯಯುಗವೆಂದು ಬಣ್ಣಿಸುವುದು ಸಲ್ಲದು. ಗದ್ದೆಯ ಒಡೆಯನೂ ನ್ಯಾಯವನ್ನು ಹೇಳುವವನೂ ಒಬ್ಬನೇ ಆಗಿದ್ದ ಕಡೆ ಒಕ್ಕಲಿನ ದೂರು ಎಲ್ಲಿಯವರೆಗೆ ನಡೆಯಬಲ್ಲುದು? ಕಟ್ಟುಕಟ್ಟಳೆಯಲ್ಲಿ ಕೆಳಗಿನವರೆಂದು ಎಣಿಸಲ್ಪಟ್ಟವರಿಗೆ ಚಾವಡಿಯ ಅಂಗಳವೇ ಮಿತಿಯಾಗಿದ್ದಿತು. ಅಂದು ವ್ಯಾಜ್ಯಗಳು ಕಡಮೆಯಿದ್ದುವೆಂದರೆ ಅನ್ಯಾಯವು ಕಡಮೆಯಿದ್ದಿತೆಂದು ಅರ್ಥವಾಗುವುದಿಲ್ಲ. ದೂರು ಕೊಡುವ ಬಾಗಿಲಿಲ್ಲದ ಕಡೆ ದೂರುಗಳ ಲೆಕ್ಕವೂ ಇರುವುದಿಲ್ಲ. ನಂಬ್ರಗಳ ಸಂಖ್ಯೆಯನ್ನು ಪರಿಶೀಲಿಸುವವರು ಈ ಮಾತನ್ನು ಮೊದಲು ನೆನಪಿನಲ್ಲಿಡತಕ್ಕದ್ದು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕನ್ನಡ ಜಿಲ್ಲೆಯು ಕುಂಪಣಿಯ ವಶವಾಯಿತು. ಮೊದಲನೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಇದ್ದುದು ಸುಮಾರು ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ ಮಾತ್ರ. ಆದರೆ 1800ರಲ್ಲಿ ಅವನು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿಗಳು ಈ ಜಿಲ್ಲೆಯ ಚರಿತ್ರೆಗೆ ಆಧಾರಗ್ರಂಥಗಳಂತೆ ಇರುವುವು. ಇತರ ಸೀಮೆಗಳಲ್ಲಿ ಕಾಣದ ಒಂದು ಸಂಗತಿಯನ್ನು ಅವನು ಇಲ್ಲಿ ಕಂಡನು. ಇಲ್ಲಿಯ ಭೂಮಿಯು ಬಹುಕಾಲದಿಂದ ಖಾಸಗಿ ಸ್ವತ್ತಾಗಿದ್ದಿತು. ಅದನ್ನು ಕ್ರಯಕ್ಕೆ ಕೊಡಬಹುದಾಗಿದ್ದಿತು, ಅಡವಿಡಬಹುದಾಗಿದ್ದಿತು, ಗೇಣಿಗೆ ಬಿಡಬಹುದಾಗಿದ್ದಿತು. ಜನರು ತಮ್ಮ ಹಕ್ಕಿಗೆ ಪತ್ರಗಳನ್ನು ಇಟ್ಟುಕೊಂಡಿದ್ದರು. ನಮ್ಮ ನಂಬ್ರಗಳ ಮೂಲವು ಇಲ್ಲಿಯೇ ಇರುವುದು. ಯಾವ ನೆಲಕ್ಕೆ ಒಡೆಯನಿರುವನೋ, ಯಾವ ನೆಲವು ಬೆಲೆಬಾಳುವುದೋ, ಯಾವ ಹಕ್ಕಿಗೆ ಕಾಗದವಿರುವುದೋ, ಅಲ್ಲಿ ವಿವಾದಕ್ಕೆ ಕಾರಣವೂ ಇರುವುದು. ಒಡೆತನವೇ ಇಲ್ಲದ ರೈತನು ಯಾವುದಕ್ಕಾಗಿ ಕೋರ್ಟಿಗೆ ಹೋಗಬೇಕು?

ಲಾರ್ಡ್ ಕಾರ್ನ್‌ವಾಲಿಸನು 1793ರಲ್ಲಿ ಬಂಗಾಳದಲ್ಲಿ ರಚಿಸಿದ ನ್ಯಾಯಾಡಳಿತದ ಮಾದರಿಯನ್ನು ಮದರಾಸು ಸರಕಾರವು 1802ರ ರೆಗ್ಯುಲೇಶನ್‌ಗಳ ಮೂಲಕ ತನ್ನ ಆಧಿಪತ್ಯದಲ್ಲಿಯೂ ತಂದಿತು. ಕಂದಾಯ ವಸೂಲಿಯ ಕಲೆಕ್ಟರನನ್ನು ನ್ಯಾಯಾಧೀಶನಿಂದ ಬೇರ್ಪಡಿಸಿದುದು ಅದರ ಸಾರವು. ತತ್ತ್ವವು ಒಳ್ಳೆಯದೇ, ತೆರಿಗೆಯನ್ನು ವಸೂಲು ಮಾಡುವವನೇ ತೆರಿಗೆಯ ಅನ್ಯಾಯವನ್ನು ವಿಚಾರಿಸುವುದಕ್ಕಿಂತ ಇದು ಮೇಲಾದುದು. ಆದರೆ ಒಂದು ದೊಡ್ಡ ಜಿಲ್ಲೆಗೆ ಒಬ್ಬ ಯೂರೋಪಿಯನ್ ನ್ಯಾಯಾಧೀಶನು. ಅವನಿಗೆ ನಾಡಿನ ಭಾಷೆಯೂ ಗೇಣಿಯ ಬಗೆಗಳೂ ಅಪರಿಚಿತ. ಜಿಲ್ಲಾ ಕೋರ್ಟಿನ ಮೇಲೆ ಅಪೀಲು ಹೋಗಬೇಕಾದುದು ಪಶ್ಚಿಮ ಪ್ರಾಂತ್ಯದ ಕೋರ್ಟಿದ್ದ ತಲಚೇರಿಗೆ. ಅದಕ್ಕೂ ಮೇಲಿನದು ಮದರಾಸಿನ ಸದರ್ ಅದಾಲತ್ತು. ಕುಂದಾಪುರದ ಕಡೆಯ ರೈತನೊಬ್ಬನು ಹೊಳೆಗಳನ್ನೂ ಕಡವುಗಳನ್ನೂ ದಾಟಿ ತಲಚೇರಿಯನ್ನು ಮುಟ್ಟುವಷ್ಟರಲ್ಲಿ ಅವನ ಗದ್ದೆಯ ಒಂದು ಬೆಳೆ ಮುಗಿದಿರುತ್ತಿದ್ದಿತು.

ಈ ಮಾದರಿಯು ಬಂಗಾಳದಲ್ಲಿ ಮೊದಲೇ ಕುಸಿದಿತ್ತು. ಬರ್ದ್ವಾನ್ ಜಿಲ್ಲೆಯೊಂದರಲ್ಲಿಯೇ 30,000 ದಾವೆಗಳು ಬಾಕಿಬಿದ್ದುವೆಂಬುದು ಆ ಕಾಲದ ಪ್ರಸಿದ್ಧ ವಾರ್ತೆ. ಅಲ್ಲಿನ ಸರಕಾರವು ಇದಕ್ಕೆ ಕಂಡುಕೊಂಡ ಮದ್ದು ವಿಚಿತ್ರವಾದುದು. ನ್ಯಾಯಾಧೀಶರನ್ನು ಸಾಕಷ್ಟು ಹೆಚ್ಚಿಸುವುದಕ್ಕೆ ಬದಲಾಗಿ 1795ರಲ್ಲಿ ದಾವೆಗಳ ಮೇಲೆ ಶುಲ್ಕವನ್ನು ಹೇರಿ ಜನರು ಕೋರ್ಟಿಗೆ ಬರುವುದನ್ನೇ ತಡೆಯಹೊರಟಿತು. ವ್ಯಾಜ್ಯವು ಜನರ ದುರಭ್ಯಾಸವೆಂದು ಎಣಿಸಿದವರಿಗೆ ಮಾತ್ರ ಈ ಮದ್ದು ಹೊಳೆಯಬಲ್ಲುದು. ನ್ಯಾಯಕ್ಕೆ ಬೆಲೆ ಕಟ್ಟಿದರೆ ಸುಳ್ಳು ದಾವೆಗಾರನೊಬ್ಬನೇ ಹಿಂಜರಿಯುವನೆಂದು ಹೇಳಲಾಗದು. ಬಡವನೇ ಮೊದಲು ಹಿಂಜರಿಯುವನು.

ಮನ್ರೋ ಈ ಸ್ಥಿತಿಯನ್ನು ಬೇರೆ ಕಣ್ಣಿನಿಂದ ನೋಡಿದನು. 1814ರಲ್ಲಿ ಅವನು ನ್ಯಾಯಾಡಳಿತ ಸುಧಾರಣೆಯ ಕಮಿಷನಿಗೆ ಮುಖ್ಯನಾಗಿ ಇಂಗ್ಲೆಂಡಿನಿಂದ ಮರಳಿ ಬಂದನು. ಅದರ ಫಲವಾಗಿ 1816ರ ರೆಗ್ಯುಲೇಶನ್‌ಗಳು ಹೊರಟುವು. ಗ್ರಾಮದ ಮುಖ್ಯಸ್ಥನು ಮುನ್ಸೀಫನಾಗಿ 10 ರೂಪಾಯಿಗಳವರೆಗಿನ ದಾವೆಗಳನ್ನು ತೀರ್ಮಾನಿಸಬಹುದೆಂದಾಯಿತು. ಗ್ರಾಮ ಪಂಚಾಯತಿಗಳಿಗೂ ಜಿಲ್ಲಾ ಪಂಚಾಯತಿಗಳಿಗೂ ಅಧಿಕಾರವು ದೊರೆಯಿತು. ದೇಶೀಯರಾದ ಡಿಸ್ಟ್ರಿಕ್ಟ್ ಮುನ್ಸೀಫರು ಅಲ್ಲಲ್ಲಿ ಕುಳಿತು 200 ರೂಪಾಯಿಗಳವರೆಗಿನ ದಾವೆಗಳನ್ನು ವಿಚಾರಿಸತೊಡಗಿದರು. ಮುಂದೆ ಈ ಮಿತಿಯು ಹಂತಹಂತವಾಗಿ ಏರಿತು.

ಈ ಸುಧಾರಣೆಯಲ್ಲಿ ಒಂದು ಭಾಗವು ಫಲಿಸಿತು, ಇನ್ನೊಂದು ಫಲಿಸಲಿಲ್ಲ. ಪಂಚಾಯತಿಗಳ ಮೇಲೆ ಮನ್ರೋಗೆ ಅಪಾರವಾದ ಭರವಸೆಯಿದ್ದಿತು. ಆದರೆ ಜನರು ಅವುಗಳ ಕಡೆಗೆ ಹೆಚ್ಚಾಗಿ ಸುಳಿಯಲಿಲ್ಲ. ಮುನ್ಸೀಫರ ಬಾಗಿಲಿಗೆ ಮಾತ್ರ ಗುಂಪುಗುಂಪಾಗಿ ಬಂದರು. ಮದರಾಸು ಆಧಿಪತ್ಯದ ಸಿವಿಲ್ ದಾವೆಗಳ ಬಹುಭಾಗವು ಕ್ರಮೇಣ ಮುನ್ಸೀಫರ ಕೈಗೇ ಸೇರಿತು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪಂಚಾಯತಿಯಲ್ಲಿ ಕುಳಿತವರು ಊರಿನ ಬಲಿಷ್ಠರೇ ಆಗಿದ್ದರು. ಮುನ್ಸೀಫನಾದರೋ ನಾಡಿನವನಾಗಿದ್ದು, ಊರಿನ ಕಟ್ಟಿಗೆ ಒಳಪಡದವನಾಗಿದ್ದನು. ಅವನ ಡಿಕ್ರಿಯನ್ನು ಜಾರಿಮಾಡಲು ಅಮೀನನಿದ್ದನು. ಸಮೀಪದ ನ್ಯಾಯವು ಬೇಕು, ಆದರೆ ನೆರೆಮನೆಯವನ ನ್ಯಾಯವು ಬೇಡ ಎಂದು ಜನರು ತಮ್ಮ ನಡೆಯಿಂದಲೇ ಹೇಳಿದರು. ಹಳ್ಳಿಗೆ ನ್ಯಾಯವನ್ನು ಮರಳಿ ಒಪ್ಪಿಸಬೇಕೆನ್ನುವ ಯೋಜನೆಗಳು 1888ರ ಮದರಾಸು ಗ್ರಾಮ ನ್ಯಾಯಾಲಯಗಳ ಕಾಯಿದೆಯಿಂದ ಹಿಡಿದು 1959ರ ಮೈಸೂರು ಪಂಚಾಯತಿ ಕಾಯಿದೆಯ ನ್ಯಾಯ ಪಂಚಾಯತಿಗಳವರೆಗೆ, ಅಲ್ಲಿಂದ 2008ರ ಗ್ರಾಮ ನ್ಯಾಯಾಲಯಗಳ ಕಾಯಿದೆಯವರೆಗೆ ಮತ್ತೆ ಮತ್ತೆ ಹೊರಟಿವೆ. ಪ್ರತಿ ಸಾರಿಯೂ ಈ 1816ರ ಪಾಠವನ್ನು ಓದಿಕೊಂಡು ಹೊರಟಿದ್ದರೆ ಚೆನ್ನಾಗಿತ್ತು.

1843ರಲ್ಲಿ ಪ್ರಾಂತ್ಯದ ಕೋರ್ಟುಗಳು ರದ್ದಾದುವು. 1862ರಲ್ಲಿ ಮದರಾಸು ಹೈಕೋರ್ಟು ಸದರ್ ಅದಾಲತ್ತಿನ ಸ್ಥಾನಕ್ಕೆ ಬಂದಿತು. ಅದೇ ವರ್ಷ ಉತ್ತರ ಕನ್ನಡವು ಮುಂಬಯಿಗೆ ಸೇರಿ, ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಮಂಗಳೂರಿನ ಜಿಲ್ಲಾ ನ್ಯಾಯಾಧೀಶನ ಕೈಕೆಳಗೆ ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರು, ಕಾಸರಗೋಡು ಮೊದಲಾದ ಕಡೆಗಳ ಮುನ್ಸೀಫ್ ಕೋರ್ಟುಗಳು ನಡೆಯುತ್ತಿದ್ದುವು. ಇಲ್ಲಿಯ ಕೋರ್ಟಿನ ಭಾಷೆ ಕನ್ನಡವು. ಆದರೆ ಬಂದು ನಿಂತ ವಾದಿಯು ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಬ್ಯಾರಿ ಮಾತಿನಲ್ಲಿಯೋ ತನ್ನ ದುಃಖವನ್ನು ಹೇಳಿಕೊಳ್ಳುವನು. ಅದು ಅರ್ಜಿಯಲ್ಲಿ ಕನ್ನಡವಾಗುವುದು. ಮೇಲಿನ ಕೋರ್ಟಿನಲ್ಲಿ ಇಂಗ್ಲಿಷಾಗುವುದು. ಒಂದೊಂದು ಮೆಟ್ಟಲಿನಲ್ಲಿಯೂ ಅರ್ಥವು ಸ್ವಲ್ಪ ಸೋರಿ, ವೆಚ್ಚವು ಸ್ವಲ್ಪ ಏರುತ್ತಿದ್ದಿತು. 1843ರಲ್ಲಿ ಮೇಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ದಲ್ಲಿ ಸರಕಾರದ ನಿರೂಪಗಳಿಗೂ ಎಡೆ ಕೊಟ್ಟಿದ್ದುದನ್ನು ನೋಡಿದರೆ, ಕಾನೂನನ್ನು ಕನ್ನಡದಲ್ಲಿ ತಿಳಿಯಬೇಕೆಂಬ ಹಸಿವು ಓದುಬರಹ ಬಲ್ಲ ಜನರಲ್ಲಿ ಎಷ್ಟಿದ್ದಿತೆಂಬುದನ್ನು ಊಹಿಸಬಹುದು.

ಇನ್ನು ಕೋರ್ಟಿಗೆ ಬಂದ ನಂಬ್ರಗಳ ಸ್ವರೂಪವನ್ನು ನೋಡೋಣ. ಮೊದಲನೆಯದು ಗೇಣಿಯ ನಂಬ್ರ. ವರ್ಗದಾರನಿಂದ ಶಾಶ್ವತವಾದ ನಿಶ್ಚಿತ ಗೇಣಿಗೆ ಭೂಮಿಯನ್ನು ಪಡೆದವನು ಮೂಲಗೇಣಿದಾರನು. ವರ್ಷವರ್ಷಕ್ಕೆ ಒಡೆಯನ ಇಷ್ಟದಂತೆ ಉಳುವವನು ಚಾಲಗೇಣಿದಾರನು. ಮೂಲಗೇಣಿಯ ಹಿಡುವಳಿಯನ್ನು ಪಡೆದವನು ಮತ್ತೊಬ್ಬನಿಗೆ ಒಳಮೂಲಗೇಣಿ ಕೊಡುವನು. ಅವನು ಇನ್ನೊಬ್ಬನಿಗೆ ಚಾಲಗೇಣಿ ಕೊಡುವನು. ಒಂದೇ ಗದ್ದೆಯ ಮುಡಿ ಅಕ್ಕಿಯಲ್ಲಿ ಮೂರು ನಾಲ್ಕು ಕೈಗಳು ಪಾಲು ಕೇಳುತ್ತಿದ್ದುವು. ಇದರ ಮೇಲೆ ವರ್ಗಭೂಮಿಗೆ ತಾಗಿದ ಕುಮ್ಕಿಯಲ್ಲಿ ಸೊಪ್ಪು ಸೌದೆಗಳ ಹಕ್ಕಿನ ತಕರಾರು ಬೇರೆ. ಹೀಗೆ ಒಂದರ ಮೇಲೊಂದು ಪದರವಾಗಿ ಹಬ್ಬಿದ ಹಕ್ಕುಗಳಿಂದ ಗೇಣಿಬಾಕಿಯ ದಾವೆ, ಒಕ್ಕಲೆಬ್ಬಿಸುವ ದಾವೆ, ಸುಧಾರಣೆಗೆ ಪರಿಹಾರದ ದಾವೆ ಎಂದು ಸಾಲುಸಾಲಾಗಿ ನಂಬ್ರಗಳು ಹುಟ್ಟುವುದು ಸಹಜವೇ. ಉಳುವವನಿಗೆ ಸ್ಥಿರವಾದ ಹಕ್ಕಿಲ್ಲದುದು ಈ ಸಾಲಿನ ಬೇರು.

ಎರಡನೆಯದು ಅಳಿಯಸಂತಾನದ ನಂಬ್ರ. ಭೂತಾಳಪಾಂಡ್ಯನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಕಟ್ಟುಕಟ್ಟಳೆಯ ಗ್ರಂಥವನ್ನು ಕೋರ್ಟುಗಳು ಕೆಲವು ಕಾಲ ಗೌರವಿಸಿದುವು. ಅದು ಪ್ರಾಚೀನವಾದುದೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಸಂದೇಹವಿದ್ದಿತು. 1870ರ ದಶಕದಲ್ಲಿ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು, 1874ರಲ್ಲಿ ಇಲ್ಲಿಯ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ದಕ್ಷಿಣಭಾರತದ ಲಿಪಿಶಾಸ್ತ್ರವನ್ನು ಹೊರಡಿಸಿದ ಬರ್ನೆಲ್ ಪಂಡಿತನೂ ಅದನ್ನು ಪ್ರಾಚೀನವೆಂದು ಒಪ್ಪಲಿಲ್ಲ. ಗ್ರಂಥವು ಹೇಗೇ ಇರಲಿ, 1860ರ ದಶಕದಲ್ಲಿ ಮದರಾಸು ಹೈಕೋರ್ಟು ಒಂದು ಮುಖ್ಯವಾದ ತೀರ್ಮಾನವನ್ನು ಸ್ಥಿರಪಡಿಸಿತು: ಅಳಿಯಸಂತಾನದ ಕುಟುಂಬದಲ್ಲಿ ಎಲ್ಲರ ಒಪ್ಪಿಗೆಯಿದ್ದರೆ ಪಾಲು ಮಾಡಿಕೊಳ್ಳಬಹುದು, ಒಬ್ಬನು ಕೇಳಿದನೆಂದು ಬಲಾತ್ಕಾರದಿಂದ ಪಾಲು ಮಾಡಿಸಲಾಗದು.

ಕುಟುಂಬವನ್ನು ಒಡೆಯದಂತೆ ಉಳಿಸುವುದೇ ಈ ನಿಯಮದ ಉದ್ದೇಶವಾಗಿದ್ದಿರಬಹುದು. ಫಲವು ವಿಪರೀತವಾಯಿತು. ನೂರಾರು ಜನರಾಗಿ ಬೆಳೆದ ಕುಟುಂಬದಲ್ಲಿ ಯಜಮಾನನ ಆಡಳಿತಕ್ಕೆ ಬೇಸತ್ತವನಿಗೆ ಪಾಲು ಕೇಳುವ ನೇರವಾದ ದಾರಿಯಿಲ್ಲ. ಅವನು ಅಡ್ಡದಾರಿಗಳನ್ನು ಹಿಡಿದನು. ಯಜಮಾನನನ್ನು ತೆಗೆಯಬೇಕೆಂದು ಒಂದು ನಂಬ್ರ, ಅವನು ಬರೆದುಕೊಟ್ಟ ಅಡವು ಕುಟುಂಬದ ಅವಶ್ಯಕತೆಗಾಗಿ ಅಲ್ಲವೆಂದು ಇನ್ನೊಂದು, ಜೀವನಾಂಶಕ್ಕಾಗಿ ಮತ್ತೊಂದು. ಒಂದು ಪಾಲುಪಟ್ಟಿಯಿಂದ ಮುಗಿಯಬಹುದಾಗಿದ್ದ ಜಗಳವು ಹೀಗೆ ಹತ್ತು ನಂಬ್ರಗಳಾಗಿ, ಅಜ್ಜಿಯ ಕಾಲದಲ್ಲಿ ಹೂಡಿದ್ದು ಮೊಮ್ಮಗಳ ಕಾಲಕ್ಕೆ ಡಿಕ್ರಿಯಾಗುತ್ತಿದ್ದಿತು. ಇಲ್ಲಿ ಜನರ ಸ್ವಭಾವವನ್ನು ದೂರಿ ಏನು ಪ್ರಯೋಜನ?

1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ, ಎಂದರೆ ಹೆಣ್ಣಿನ ಸಂತತಿಯಿಂದ ಕವಲೊಡೆದ ಶಾಖೆಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಎಂಬತ್ತು ವರ್ಷಗಳ ಗಂಟು ಬಿಚ್ಚಿತು. ಪಾಲಿನ ದಾವೆಗಳು ಕೂಡಲೇ ಹೆಚ್ಚಿದುವೆಂಬುದು ನಿಜ. ಕಟ್ಟೆಯನ್ನು ಕಡಿದಾಗ ನಿಂತ ನೀರು ಒಮ್ಮೆಗೇ ಹರಿಯುವುದು. ಆದರೆ ಅವು ಮುಗಿಯುವ ದಾವೆಗಳು. ಪಾಲಾದ ಕುಟುಂಬದಲ್ಲಿ ಯಜಮಾನನನ್ನು ತೆಗೆಯುವ ನಂಬ್ರವು ಮತ್ತೆ ಹುಟ್ಟುವುದಿಲ್ಲ. ಆ ಕಾಯಿದೆಯು ನಿಸ್ಸಂತತಿ ಕವರಿಗೆ ಜೀವಾವಧಿಯ ಹಕ್ಕನ್ನಷ್ಟೇ ಕೊಟ್ಟಿದ್ದುದರಿಂದಲೂ, 1956ರ ಹಿಂದೂ ವಾರಸಾ ಕಾಯಿದೆಯು ಅದರ ಮೇಲೆ ಬಂದುದರಿಂದಲೂ, ಎರಡರ ಸಂಧಿಯಲ್ಲಿ ಹೊಸ ತಕರಾರುಗಳು ಹುಟ್ಟಿ ಸುಪ್ರೀಂ ಕೋರ್ಟಿನವರೆಗೂ ಹೋದುವು. ಕಾನೂನಿನಲ್ಲಿ ಬಿಟ್ಟ ಒಂದು ಬಿರುಕು ಎಷ್ಟು ಮನೆಗಳನ್ನು ಕೋರ್ಟಿಗೆ ಎಳೆಯುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಡ.

ಕೋರ್ಟಿನ ಹೊರೆಯನ್ನು ಇಳಿಸುವ ಹಳೆಯ ಉಪಾಯವೊಂದನ್ನು ಇಲ್ಲಿ ನೆನೆಯಬಹುದು. 1873ರ ಪ್ರಮಾಣ ಕಾಯಿದೆಯಂತೆ, ಒಬ್ಬ ಪಕ್ಷಗಾರನು ಎದುರಾಳಿಯು ಇಂತಹ ಪ್ರಮಾಣವನ್ನು ಮಾಡಿದರೆ ತಾನು ಒಪ್ಪುವೆನೆಂದು ಹೇಳಬಹುದಾಗಿದ್ದಿತು. ಎದುರಾಳಿಯು ಹಾಗೆ ಪ್ರಮಾಣ ಮಾಡಿ ಹೇಳಿದ ಮಾತು ಅವನಿಗೆ ಬಂಧಕವಾಗುತ್ತಿದ್ದಿತು. ಸತ್ಯಪ್ರಮಾಣದ ನಾಡಿನವರಾದ ನಮಗೆ ಇದು ಹೊಸದಲ್ಲ. ಹಳೆಯ ಚಾವಡಿಯ ಒಂದು ಮೂಲೆಗೆ ಇಂಗ್ಲಿಷ್ ಕಾನೂನು ಜಾಗ ಕೊಟ್ಟಂತೆ ಆಗಿದ್ದಿತು. 1969ರ ಹೊಸ ಪ್ರಮಾಣ ಕಾಯಿದೆಯಲ್ಲಿ ಈ ಏರ್ಪಾಡನ್ನು ಕೈಬಿಟ್ಟರು.

ವಕೀಲರಿಂದಲೇ ವ್ಯಾಜ್ಯಗಳು ಬೆಳೆದುವೆಂದು ಹೇಳುವವರೂ ಇರುವರು. ಮಂಗಳೂರಿನ ವಕೀಲರ ಚರಿತ್ರೆಯನ್ನು ಬಲ್ಲವರು ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರರು. ಕೆನರಾ ಹೈಸ್ಕೂಲನ್ನು 1891ರಲ್ಲಿಯೂ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು 1906ರಲ್ಲಿಯೂ ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ವಕೀಲರೇ. ಕಕ್ಷಿಗಾರರನ್ನು ರಾಜಿಗೆ ಒಪ್ಪಿಸಲು ಅವರು ಪ್ರಯತ್ನಿಸುತ್ತಿದ್ದರೆಂದು ಹಿರಿಯರು ಹೇಳುತ್ತ ಬಂದಿರುವರು. 1897ರಲ್ಲಿ ದಲಿತರ ವಿದ್ಯಾಭ್ಯಾಸಕ್ಕಾಗಿ ಸಂಸ್ಥೆಯನ್ನು ಕಟ್ಟಿದ ಕುದ್ಮುಲ್ ರಂಗರಾಯರೂ ವಕೀಲಿ ಮಾಡಿದವರು; ಬಡವರ ವಕೀಲರೆಂದು ಹೆಸರಾದವರು. ಹಿಂದೆ ಚಾವಡಿಯ ಅಂಗಳದಲ್ಲಿ ನಿಲ್ಲಬೇಕಾಗಿದ್ದವನ ಪರವಾಗಿ ಕೋರ್ಟಿನೊಳಗೆ ಒಬ್ಬನು ಎದ್ದು ಮಾತಾಡಿದನೆಂಬುದು ಸಣ್ಣ ಸಂಗತಿಯಲ್ಲ. ನಂಬ್ರಗಳ ಸಂಖ್ಯೆಯು ಇದರಿಂದ ಹೆಚ್ಚಿದ್ದರೆ ಆ ಹೆಚ್ಚಳವು ದುಃಖಿಸತಕ್ಕದ್ದಲ್ಲ.

1956ರ ನವಂಬರ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿ, ಕಾಸರಗೋಡು ಕೇರಳಕ್ಕೆ ಹೋಯಿತು. ಅಪೀಲಿನ ದಾರಿಯು ಮದರಾಸಿನಿಂದ ಬೆಂಗಳೂರಿಗೆ ತಿರುಗಿತು. ಗೇಣಿಯ ಪ್ರಶ್ನೆಗೆ ಕೊನೆಯ ಉತ್ತರವು ಬಂದುದು 1974ರ ಮಾರ್ಚಿ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ. ಗೇಣಿಯ ಭೂಮಿಯೆಲ್ಲವೂ ಸರಕಾರಕ್ಕೆ ಸೇರಿ, ಉಳುವವನು ಅಧಿಭೋಗದ ಹಕ್ಕಿಗೆ ಅರ್ಜಿ ಕೊಡಬೇಕೆಂದಾಯಿತು. 1979ರ ಜೂನ್ 30ರವರೆಗೆ ಅವಕಾಶವಿದ್ದ ಈ ಅರ್ಜಿಗೆ ನಮ್ಮ ಹಳ್ಳಿಗಳಲ್ಲಿ ‘ಡಿಕ್ಲರೇಶನ್’ ಎಂದು ಹೆಸರಾಯಿತು. ಅರ್ಜಿಗಳನ್ನು ವಿಚಾರಿಸಿದುದು ಸಿವಿಲ್ ಕೋರ್ಟುಗಳಲ್ಲ. ಅಸಿಸ್ಟೆಂಟ್ ಕಮಿಷನರರೂ ನಾಮಕರಣಗೊಂಡ ಸದಸ್ಯರೂ ಇದ್ದ ಭೂನ್ಯಾಯಮಂಡಲಿಗಳು. ಅವುಗಳ ಮುಂದೆ ವಕೀಲರು ನಿಲ್ಲಬಾರದೆಂದೂ ಕಾಯಿದೆಯಲ್ಲಿ ಬರೆದಿದ್ದಿತು.

ಗೇಣಿಯ ಪದ್ಧತಿಯು ಇತರ ಜಿಲ್ಲೆಗಳಿಗಿಂತ ದಟ್ಟವಾಗಿ ಹಬ್ಬಿದ್ದ ದಕ್ಷಿಣ ಕನ್ನಡದಲ್ಲಿ ಈ ಕಾಯಿದೆಯು ಸಾವಿರಾರು ಮನೆಗಳ ಸ್ಥಿತಿಯನ್ನು ಬದಲಾಯಿಸಿತು. ಗೇಣಿಬಾಕಿ ಮತ್ತು ಒಕ್ಕಲೆಬ್ಬಿಸುವಿಕೆಯ ನಂಬ್ರಗಳು ಬೇರುಸಹಿತ ಕಿತ್ತುಹೋದುವು. ನೂರಾರು ನ್ಯಾಯಾಧೀಶರಿಂದ ಆಗದ ಕೆಲಸವು ಕಾನೂನಿನ ಒಂದು ಬದಲಾವಣೆಯಿಂದ ಆಯಿತು. ಭೂಮಿಯನ್ನು ಕಳೆದುಕೊಂಡ ಸಣ್ಣ ಒಡೆಯರಿಗೂ, ಗೇಣಿಯೇ ಜೀವನಾಧಾರವಾಗಿದ್ದ ವಿಧವೆಯರಿಗೂ ಆದ ಸಂಕಟವನ್ನು ಮರೆಯಲಾಗದು. ಮಂಡಲಿಯ ಮೇಲೆ ಮೊದಲು ಅಪೀಲಿಲ್ಲದಿದ್ದುದರಿಂದ ಅತೃಪ್ತರೆಲ್ಲ ರಿಟ್ ಅರ್ಜಿಗಳನ್ನು ಹಿಡಿದು ಹೈಕೋರ್ಟಿಗೆ ನಡೆದರು. ಕೆಳಗೆ ತಗ್ಗಿದ ರಾಶಿಯು ಮೇಲೆ ಏರಿತು. ಇದನ್ನು ತಡೆಯಲು 1986ರಲ್ಲಿ ಅಪೀಲು ಪ್ರಾಧಿಕಾರವನ್ನು ಸ್ಥಾಪಿಸಿ 1990ರಲ್ಲಿ ರದ್ದುಮಾಡಿದರು. ವಿಚಾರಣೆಯನ್ನು ಅವಸರದಿಂದ ಮೊಟಕುಗೊಳಿಸಿದರೆ ಉಳಿದ ಪಾಲು ಬೇರೊಂದು ಬಾಗಿಲಿಗೆ ಹೋಗಿ ನಿಲ್ಲುವುದೆಂಬುದು ಇದರಿಂದ ದೊರೆತ ಪಾಠವು. ಪಟ್ಟಣದ ಮನೆನಿವೇಶನಗಳ ಮೂಲಗೇಣಿಯಾದರೋ ಇದರಿಂದಲೂ ಮುಗಿಯಲಿಲ್ಲ. ಮೂಲಗೇಣಿದಾರರಿಗೂ ಒಳಮೂಲಗೇಣಿದಾರರಿಗೂ ಒಡೆತನವನ್ನು ಕೊಡಲು 2011ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಬೇಕಾಯಿತು.

ಇಂದಿನ ಕೋರ್ಟುಗಳ ಬಾಕಿಯು ದೇಶಕ್ಕೆಲ್ಲ ಸಾಮಾನ್ಯವಾದ ವ್ಯಾಧಿ. ಹತ್ತು ಲಕ್ಷ ಜನರಿಗೆ 10.5 ನ್ಯಾಯಾಧೀಶರಷ್ಟೇ ಇರುವರೆಂದೂ, ಅದು 50ಕ್ಕೆ ಏರಬೇಕೆಂದೂ ಕಾನೂನು ಆಯೋಗವು 1987ರಲ್ಲಿ ಹೇಳಿತು. ನಾವು ಇನ್ನೂ ಆ ಗುರಿಯ ಅರ್ಧವನ್ನೂ ಮುಟ್ಟಿಲ್ಲ. ನ್ಯಾಯಾಧೀಶರು ಹೆಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದೇ ಸಾಲದು. 2019ರ ಕೊನೆಯಲ್ಲಿ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಮೊಕದ್ದಮೆಗಳಲ್ಲಿ 35.16 ಲಕ್ಷವು ಹಣವಿಲ್ಲದೆ ಮರಳಿದ ಚೆಕ್ಕುಗಳ ಮೊಕದ್ದಮೆಗಳಾಗಿದ್ದುವು. ಸಾಲವಸೂಲಿಯ ಈ ವಿಷಯವನ್ನು ಅಪರಾಧವನ್ನಾಗಿ ಮಾಡಿದುದು 1988ರ ಒಂದು ತಿದ್ದುಪಡಿ. ಬ್ಯಾಂಕುಗಳ ತವರೆಂದು ಹೆಸರಾದ ನಮ್ಮ ಜಿಲ್ಲೆಯವರು ಈ ಲೆಕ್ಕವನ್ನು ಗಮನಿಸತಕ್ಕದ್ದು. ಹೊಸ ಕಾಯಿದೆಯನ್ನು ಮಾಡುವಾಗ ಅದು ಎಷ್ಟು ನಂಬ್ರಗಳನ್ನು ಹೆರುವುದೆಂದು ಎಣಿಸುವ ಪದ್ಧತಿಯು ಅಂದಿನ ಸರಕಾರಗಳಿಗೂ ಇರಲಿಲ್ಲ, ಇಂದಿನವಕ್ಕೂ ಇಲ್ಲ.

ಲೋಕ ಅದಾಲತ್ತುಗಳಲ್ಲಿ ರಾಜಿಯಾದ ನಂಬ್ರಗಳಿಗೆ ಅಪೀಲಿಲ್ಲ. ಇದೊಂದು ನೆಮ್ಮದಿಯೇ ಸರಿ. ಆದರೆ ಬಲಿಷ್ಠನಿಗೂ ದುರ್ಬಲನಿಗೂ ನಡುವೆ ಆಗುವ ರಾಜಿಯು ಹಳೆಯ ಚಾವಡಿಯ ತೀರ್ಮಾನದಂತೆ ಆಗದಂತೆ ಎಚ್ಚರವಿರಬೇಕು. ಧಾರವಾಡಕ್ಕೂ ಕಲಬುರಗಿಗೂ 2008ರಲ್ಲಿ ಹೈಕೋರ್ಟಿನ ಪೀಠಗಳು ಬಂದ ಮೇಲೆ ಮಂಗಳೂರಿಗೂ ಒಂದು ಪೀಠವು ಬೇಕೆಂದು ಕರಾವಳಿಯ ವಕೀಲರು ಕೇಳುತ್ತಿರುವರು. ಘಟ್ಟವನ್ನು ಹತ್ತಿ ಮುನ್ನೂರೈವತ್ತು ಕಿಲೋಮೀಟರು ಹೋಗಬೇಕಾದ ಕಕ್ಷಿಗಾರನು, ಹೊಳೆಗಳನ್ನು ದಾಟಿ ತಲಚೇರಿಗೆ ಹೋಗಬೇಕಾಗಿದ್ದ ತನ್ನ ಪೂರ್ವಜನಿಗಿಂತ ಸುಖಿಯೇ. ಆದರೂ ಬೇಡಿಕೆಯ ತಿರುಳು 1816ರಲ್ಲಿದ್ದುದೇ ಆಗಿರುವುದು.

ಕೊನೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ಹಳೆಯ ನಂಬ್ರಗಳ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶಪಡಿಸಲು 1917ರಿಂದಲೂ ಕಾಯಿದೆಯಿದೆ. ಕೋರ್ಟಿನಲ್ಲಿ ಅಳಿದುದರ ಪ್ರತಿಯು ಅನೇಕ ವೇಳೆ ಮನೆಗಳ ಅಟ್ಟದಲ್ಲಿ ಉಳಿದಿರುವುದು. ಮೂಲಗೇಣಿ ಚೀಟಿ, ಪಾಲುಪಟ್ಟಿ, ಮುನ್ಸೀಫನ ಡಿಕ್ರಿಯ ನಕಲು, ವಕೀಲರಿಗೆ ಬರೆದ ಪತ್ರ, ಇವು ಯಾವುದೂ ಕೆಲಸಕ್ಕೆ ಬಾರದ ಕಾಗದವಲ್ಲ. ಯಾವ ಕಾನೂನು ಯಾವ ಮನೆಯನ್ನು ಎಷ್ಟು ವರ್ಷ ಕೋರ್ಟಿನ ಮೆಟ್ಟಲಿನಲ್ಲಿ ನಿಲ್ಲಿಸಿತೆಂಬುದನ್ನು ಅವುಗಳಿಂದಲೇ ತಿಳಿಯಬೇಕು. ಗೆದ್ದಲಿಗೂ ಒಲೆಗೂ ಕೊಡುವ ಮೊದಲು ಅವುಗಳನ್ನು ಒಮ್ಮೆ ಬಿಚ್ಚಿ ಓದಿ, ಸಾಧ್ಯವಾದರೆ ಜಿಲ್ಲೆಯ ಯಾವುದಾದರೊಂದು ಗ್ರಂಥಭಂಡಾರಕ್ಕೆ ಒಪ್ಪಿಸಿದರೆ, ನಮ್ಮ ಹಿರಿಯರು ಜಗಳಗಂಟರಾಗಿದ್ದರೋ ಅಥವಾ ಬೇರೆ ದಾರಿಯಿಲ್ಲದವರಾಗಿದ್ದರೋ ಎಂಬುದನ್ನು ಮುಂದಿನವರು ನಮಗಿಂತ ಚೆನ್ನಾಗಿ ತೀರ್ಮಾನಿಸಬಲ್ಲರು.